ಮಡೈರಾ ದ್ವೀಪದಲ್ಲಿ ಗಾಲಿಕುರ್ಚಿಗೆ ಅನುಕೂಲವಾದ ಹೋಟೆಲು: ಯಾವ ಭಾಗದಲ್ಲಿ ಹುಡುಕಬೇಕು, ಏನನ್ನು ಕೇಳಬೇಕು?

ಹಾಸನದ ಮಗಳು:
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿದ್ದೇವೆ. ಬರುವ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದು, ಅವರನ್ನು ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪಕ್ಕೆ ಒಂದು ವಾರ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಮ್ಮನಿಗೆ ಪಾರ್ಶ್ವವಾಯುವಾಗಿ ಎಡಗೈ ಮತ್ತು ಎಡಗಾಲಿನಲ್ಲಿ ಬಲವಿಲ್ಲ. ಯಾರಾದರೂ ಹಿಡಿದುಕೊಂಡರೆ ನಿಲ್ಲುತ್ತಾರೆ, ಹಾಸಿಗೆಯಿಂದ ಕುರ್ಚಿಗೆ ಬದಲಾಯಿಸಿಕೊಳ್ಳುತ್ತಾರೆ, ಆದರೆ ಮೆಟ್ಟಿಲು ಹತ್ತಲಾರರು. ಬಳಸುವುದು ಕೈಯಿಂದ ತಳ್ಳುವ, ಮಡಚಬಹುದಾದ ಸಾಮಾನ್ಯ ಗಾಲಿಕುರ್ಚಿ. ತಳ್ಳುವವರು ಹೆಚ್ಚಾಗಿ ನಾನು ಮತ್ತು ನನ್ನ ಪತಿ; ಅಪ್ಪನಿಗೆ ಎಪ್ಪತ್ತು ದಾಟಿದೆ, ಅವರಿಗೆ ಆ ಶ್ರಮ ಕೊಡಬಾರದೆಂಬುದು ನಮ್ಮ ಇಚ್ಛೆ.

ಹೋಟೆಲು ಕಾಯ್ದಿರಿಸುವ ಜಾಲತಾಣಗಳಲ್ಲಿ "ಗಾಲಿಕುರ್ಚಿ ಸೌಲಭ್ಯವಿದೆ" ಎಂಬ ಆಯ್ಕೆಯನ್ನು ಗುರುತು ಮಾಡಿದರೆ ರಾಜಧಾನಿ ಫುಂಶಾಲ್ ಒಂದರಲ್ಲೇ ಹತ್ತಾರು ಹೆಸರುಗಳು ಬರುತ್ತವೆ. ಆದರೆ ತಂಗಿ ಬಂದವರ ಅನಿಸಿಕೆಗಳನ್ನು ಓದಿದರೆ ಕೆಲವೆಡೆ ಬಾಗಿಲಲ್ಲೇ ಮೆಟ್ಟಿಲು, ಇನ್ನು ಕೆಲವೆಡೆ ಹೋಟೆಲಿನಿಂದ ಹೊರಗೆ ಕಾಲಿಡಲಾಗದಷ್ಟು ಕಡಿದಾದ ಏರು. ಅಮ್ಮ ಪ್ರತಿದಿನ ಸಂಜೆ ಸಮುದ್ರದ ಬದಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವಂತಿರಬೇಕು, ಅದೂ ಪ್ರತಿಸಲ ಟ್ಯಾಕ್ಸಿ ಕರೆಯದೆ. ಅಮ್ಮ ಅಪ್ಪ ಶುದ್ಧ ಸಸ್ಯಾಹಾರಿಗಳಾದ್ದರಿಂದ ಚಿಕ್ಕ ಅಡುಗೆಮನೆ ಇದ್ದರೆ ಇನ್ನೂ ಒಳ್ಳೆಯದು. ಅನುಭವವಿರುವವರು ದಯವಿಟ್ಟು ದಾರಿ ತೋರಿಸಿ.

ಕಾವೇರಿತೀರ:
ನಮಸ್ಕಾರ. ನನ್ನ ಪತಿ ಗಾಲಿಕುರ್ಚಿ ಬಳಸುವವರು. ನಾವು ಮಡೈರಾದಲ್ಲಿ ತಂಗಿ ಬಂದಿದ್ದೇವೆ. ಹೋಗಬೇಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆದರೆ ಹೋಟೆಲಿಗಿಂತ ಮೊದಲು ಬಡಾವಣೆಯನ್ನು ಆರಿಸಿಕೊಳ್ಳಿ.

ಇದು ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿಯ ತುದಿ. ಸುಮಾರು 57 ಕಿಲೋಮೀಟರ್ ಉದ್ದ, ಹೆಚ್ಚೆಂದರೆ 22 ಕಿಲೋಮೀಟರ್ ಅಗಲದ ಈ ದ್ವೀಪದ ನಡುವೆ 1,862 ಮೀಟರ್ ಎತ್ತರದ ಪಿಕೊ ರುಯಿವೊ ಶಿಖರವಿದೆ. ಎಂದರೆ ದಡದಿಂದಲೇ ಏರು ಶುರು. ಫುಂಶಾಲ್ ನಗರ ಕೊಲ್ಲಿಯ ಸುತ್ತ ಮೇಲಕ್ಕೆ ಹಬ್ಬಿಕೊಂಡಿದೆ, ಸಮತಟ್ಟಾದ ಜಾಗ ಇರುವುದು ಕೆಳಗಿನ ತೆಳುವಾದ ಪಟ್ಟಿಯಲ್ಲಿ ಮಾತ್ರ. ಬಂದರಿನ ಎದುರಿನ ಅವೆನಿದಾ ದೊ ಮಾರ್ ಮತ್ತು ಅದರ ಹಿಂದಿನ ಅವೆನಿದಾ ಅರಿಯಾಗ ಎಂಬ ಎರಡು ಬೀದಿಗಳಲ್ಲಿ ಕುರ್ಚಿಯನ್ನು ಸಲೀಸಾಗಿ ತಳ್ಳಬಹುದು. ಅಲ್ಲಿಂದ ಉತ್ತರಕ್ಕೆ ತಿರುಗಿದಿರೋ, ಏರು ಎದುರಾಗುತ್ತದೆ.

ಹೆಚ್ಚಿನ ಪ್ರವಾಸಿ ಹೋಟೆಲುಗಳಿರುವುದು ನಗರದ ಪಶ್ಚಿಮಕ್ಕೆ, ಲೀಡೊ ಎಂಬ ಭಾಗದಲ್ಲಿ. ಅಲ್ಲಿ ಎಸ್ತ್ರಾದಾ ಮೊನುಮೆಂಟಾಲ್ ಎಂಬ ಮುಖ್ಯರಸ್ತೆ ಸಮುದ್ರಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಅದರ ಪಾದಚಾರಿ ಮಾರ್ಗ ಅಗಲವಾಗಿದೆ, ಏರಿಳಿತ ತೀರ ಕಡಿಮೆ, ಅಂಗಡಿಗಳು, ಸೂಪರ್‌ಮಾರ್ಕೆಟ್ಟುಗಳು, ಔಷಧದ ಅಂಗಡಿಗಳು ಎಲ್ಲವೂ ಅದರ ಮೇಲೆಯೇ ಇವೆ. ಅದರ ಕೆಳಗೆ ಸಮುದ್ರದ ಅಂಚಿನಲ್ಲಿ ನಡಿಗೆಪಥವಿದ್ದು, ಅದು ಪಶ್ಚಿಮಕ್ಕೆ ಪ್ರಾಯಾ ಫೊರ್ಮೋಜಾ ಕಡಲತೀರದತ್ತ ಹೋಗುತ್ತದೆ. ನಡುವೆ ಬಂಡೆಯೊಳಗೆ ಕೊರೆದ ಪಾದಚಾರಿ ಸುರಂಗವೂ ಇದೆ. ನಿಮ್ಮ ಅಮ್ಮ ಸಂಜೆ ಕುಳಿತುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಆ ನಗರದಲ್ಲಿ ನನಗೆ ಕಾಣಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮುಖ್ಯರಸ್ತೆಗೂ ನಡಿಗೆಪಥಕ್ಕೂ ನಡುವಿನ ಅಡ್ಡದಾರಿಗಳು ಕಡಿದಾಗಿವೆ, ಕೆಲವು ಕಡೆ ಬರೀ ಮೆಟ್ಟಿಲುಗಳೇ ಇವೆ. "ನಡಿಗೆಪಥದಿಂದ 200 ಮೀಟರ್" ಎಂದು ಜಾಹೀರಾತಿನಲ್ಲಿದ್ದರೆ ಆ 200 ಮೀಟರ್ ಎಂಥದ್ದು ಎಂದು ತಿಳಿಯದೆ ಹಣ ಕಟ್ಟಬೇಡಿ. ನಡಿಗೆಪಥದ ಮಟ್ಟಕ್ಕೇ ಬಾಗಿಲಿರುವ ಅಥವಾ ಅಲ್ಲಿಗೆ ತನ್ನದೇ ಲಿಫ್ಟ್ ಇಳಿಸಿರುವ ಹೋಟೆಲನ್ನೇ ಹುಡುಕಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಮಾದರಿಯ ಹೋಟೆಲುಗಳು ಈ ಭಾಗದಲ್ಲಿ ಸಾಕಷ್ಟಿವೆ. ಕುಕ್ಕರ್ ಮಾತ್ರ ನೀವೇ ಒಯ್ಯಿರಿ.

ಕಟ್ಟಡಶಿಲ್ಪಿ:
ಕಾವೇರಿತೀರ ಅವರು ಹೇಳಿದ ಅಡ್ಡದಾರಿಯ ಮಾತಿಗೆ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ಇದನ್ನು ಮನೆಯಲ್ಲಿ ಕುಳಿತೇ ಪರೀಕ್ಷಿಸಬಹುದು.

ಗೂಗಲ್ ಅರ್ಥ್‌ನಲ್ಲಿ ಯಾವ ಬಿಂದುವಿನ ಮೇಲೆ ಸೂಚಕವನ್ನು ಇಟ್ಟರೂ ಅದರ ಎತ್ತರ ಕೆಳಗೆ ಕಾಣುತ್ತದೆ. ಹೋಟೆಲಿನ ಬಾಗಿಲಿನ ಎತ್ತರ 60 ಮೀಟರ್, ನೀವು ಹೋಗಬೇಕಾದ ಜಾಗದ ಎತ್ತರ 10 ಮೀಟರ್, ನಡುವಿನ ರಸ್ತೆಯ ಉದ್ದ 250 ಮೀಟರ್ ಇದೆ ಎಂದುಕೊಳ್ಳಿ. 50ನ್ನು 250ರಿಂದ ಭಾಗಿಸಿದರೆ ಇಳಿಜಾರು ಶೇಕಡಾ 20. ಕಟ್ಟಡಗಳ ರ‍್ಯಾಂಪಿಗೆ ನಾವು ಸಾಮಾನ್ಯವಾಗಿ ಒಪ್ಪುವುದು 12 ಅಡಿ ಉದ್ದಕ್ಕೆ 1 ಅಡಿ ಏರು, ಅಂದರೆ ಸುಮಾರು ಶೇಕಡಾ 8. ಅದೂ ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬಿಟ್ಟು.

ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ತಳ್ಳುವವರ ಕೈಗೆ ಹೇಗೆ ಬರುತ್ತದೆ ನೋಡಿ. ಕುಳಿತವರು 60 ಕೆಜಿ, ಕುರ್ಚಿ 15 ಕೆಜಿ ಇದ್ದರೆ ಶೇಕಡಾ 8ರ ಏರಿನಲ್ಲಿ ನೀವು ಎಡೆಬಿಡದೆ ಸುಮಾರು 6 ಕೆಜಿ ಭಾರವನ್ನು ಮೇಲಕ್ಕೆ ನೂಕುತ್ತಿರುತ್ತೀರಿ. ಶೇಕಡಾ 20ರ ಏರಿನಲ್ಲಿ ಅದೇ ಹೆಚ್ಚುಕಡಿಮೆ 15 ಕೆಜಿ ಆಗುತ್ತದೆ, ಒಂದು ಕ್ಷಣವೂ ಕೈಬಿಡುವಂತಿಲ್ಲ. ಇಳಿಯುವಾಗ ಅಪಾಯ ಇನ್ನೂ ಹೆಚ್ಚು. ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ನೀವು ಕೆಳಗೆ ನಿಂತು, ಬೆನ್ನ ಹಿಂದೆ ನೋಡಿಕೊಳ್ಳುತ್ತ ಒಂದೊಂದೇ ಹೆಜ್ಜೆ ಇಳಿಯಬೇಕು. ಏಪ್ರಿಲ್‌ನಲ್ಲಿ ಮಳೆ ಹನಿಯುವ ದಿನಗಳೂ ಇರುತ್ತವೆ. ಅಲ್ಲಿನ ಪಾದಚಾರಿ ಮಾರ್ಗಗಳಿಗೆ ಕಪ್ಪು ಬಸಾಲ್ಟ್ ಮತ್ತು ಬಿಳಿ ಸುಣ್ಣಕಲ್ಲಿನ ಪುಟ್ಟ ತುಂಡುಗಳನ್ನು ಚಿತ್ತಾರವಾಗಿ ಜೋಡಿಸಿರುತ್ತಾರೆ. ನೋಡಲು ಬಹಳ ಚೆಂದ. ಒದ್ದೆಯಾದರೆ ಜಾರುತ್ತದೆ, ಮುಂದಿನ ಚಿಕ್ಕ ಚಕ್ರಗಳು ಅದರ ಮೇಲೆ ಒಂದೇ ಸಮನೆ ಅದುರುತ್ತವೆ.

ಆದ್ದರಿಂದ ನನ್ನ ಸಲಹೆ: ಬಾಗಿಲಿನಿಂದ ಸಮುದ್ರದ ಬದಿಗೆ, ಬಾಗಿಲಿನಿಂದ ದಿನಸಿ ಅಂಗಡಿಗೆ, ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಈ ಮೂರು ದಾರಿಗಳ ಇಳಿಜಾರನ್ನು ಲೆಕ್ಕಹಾಕಿ, ಯಾವುದರಲ್ಲಾದರೂ ಶೇಕಡಾ 8 ದಾಟಿದರೆ ಆ ಹೋಟೆಲನ್ನು ಪಟ್ಟಿಯಿಂದ ತೆಗೆದುಬಿಡಿ, ಅದಕ್ಕೆ ಎಷ್ಟೇ ನಕ್ಷತ್ರಗಳಿರಲಿ. ನಂತರ ಗೂಗಲ್ ನಕ್ಷೆಯಲ್ಲಿ ಬೀದಿಯ ಫೋಟೊಗಳನ್ನು ತೋರಿಸುವ ಸ್ಟ್ರೀಟ್ ವ್ಯೂನಲ್ಲಿ ಅದೇ ದಾರಿಯಲ್ಲಿ ಸಾಗಿ, ರಸ್ತೆ ದಾಟುವ ಕಡೆ ಕಲ್ಲಿನ ಅಂಚನ್ನು ತಗ್ಗಿಸಿದ್ದಾರೆಯೇ ನೋಡಿ.

ಕರಾವಳಿಗ:
ಎಲ್ಲರೂ ಫುಂಶಾಲನ್ನೇ ಹಿಡಿದುಕೊಂಡಿದ್ದೀರಿ. ಇಷ್ಟೆಲ್ಲ ಲೆಕ್ಕ ಹಾಕುವ ಬದಲು ಪಕ್ಕದ ಪೋರ್ತೊ ಸಾಂತೊ ದ್ವೀಪಕ್ಕೇ ಹೋಗಬಹುದಲ್ಲ? ಅಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ಮರಳಿನ ತೀರವಿದೆ, ತೀರದ ಉದ್ದಕ್ಕೂ ನೆಲ ಬಹುಪಾಲು ಸಮತಟ್ಟು. ಫುಂಶಾಲ್ ಬಂದರಿನಿಂದ ಹಡಗಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಸಾಕು. ಅದು ಬೇಡವೆಂದರೆ ವಿಮಾನ ನಿಲ್ದಾಣದ ಹತ್ತಿರದ ಮಶೀಕೊ ಊರಿದೆ. ಕಣಿವೆಯ ಬಾಯಲ್ಲಿರುವುದರಿಂದ ಸಮುದ್ರದ ಬದಿ ಚಪ್ಪಟೆಯಾಗಿದೆ, ಹೊರಗಿನಿಂದ ತಂದು ಹಾಸಿದ ಹಳದಿ ಮರಳಿನ ಚಿಕ್ಕ ತೀರವೂ ಇದೆ.

ಕಾವೇರಿತೀರ:
ಮಶೀಕೊ ಬಗ್ಗೆ ನೀವು ಹೇಳಿದ್ದು ನಿಜ, ಹೋಟೆಲುಗಳ ಆಯ್ಕೆ ಕಡಿಮೆಯಾದರೂ ಪರಿಗಣಿಸಬಹುದಾದ ಊರು. ಪೋರ್ತೊ ಸಾಂತೊ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ವಾರಕ್ಕೆ ಬಂದವರು ಎರಡು ಸಲ ಅಟ್ಲಾಂಟಿಕ್‌ನ ಅಲೆಗಳ ಮೇಲೆ ಹೋಗಿಬರಬೇಕು. ಪಾರ್ಶ್ವವಾಯುವಾದವರಿಗೆ ಓಲಾಡುವ ಹಡಗಿನಲ್ಲಿ ಶೌಚಾಲಯಕ್ಕೆ ಹೋಗುವುದೇ ದೊಡ್ಡ ಕಷ್ಟ. ಅದಲ್ಲದೆ ಮರಳು ಸಮತಟ್ಟಾಗಿದ್ದರೂ ಸಾಮಾನ್ಯ ಗಾಲಿಕುರ್ಚಿ ಅದರಲ್ಲಿ ಹೂತುಹೋಗುತ್ತದೆ, ಹಲಗೆಯ ದಾರಿ ಇರುವಲ್ಲಿಯವರೆಗೆ ಮಾತ್ರ ಹೋಗಬಹುದು.

ಗಾಲಿಪಯಣ:
ಇಲ್ಲಿಯವರೆಗೆ ಮಾತಾಡಿದವರೆಲ್ಲ ಕುರ್ಚಿಯನ್ನು ತಳ್ಳುವವರು. ನಾನು ಕುಳಿತುಕೊಳ್ಳುವವಳು. ಆದ್ದರಿಂದ ಕೋಣೆಯ ಒಳಗಿನ ಮಾತನ್ನು ನಾನು ಹೇಳಬೇಕು. ಹೊರಗಿನ ಏರಿಗೆ ಟ್ಯಾಕ್ಸಿಯಾದರೂ ಸಿಗುತ್ತದೆ, ಸ್ನಾನದ ಕೋಣೆಗೆ ಅಂಥ ಪರಿಹಾರವಿಲ್ಲ.

ಹಾಸನದ ಮಗಳು ಅವರೇ, ನಿಮ್ಮ ಅಮ್ಮನಿಗೆ ಎಡಭಾಗದಲ್ಲಿ ಬಲವಿಲ್ಲ ಎಂದಿರಿ. ಅವರು ಕುರ್ಚಿಯಿಂದ ಕಮೋಡಿಗೆ ಹೋಗುವಾಗ ಬಲಗೈಯಲ್ಲಿ ಕಂಬಿ ಹಿಡಿದು ಬಲಗಾಲಿನ ಮೇಲೆ ಭಾರ ಹಾಕಿ ತಿರುಗಬೇಕು. ಎಂದರೆ ಕಮೋಡಿನ ಮೇಲೆ ಕುಳಿತಾಗ ಅವರ ಬಲಕ್ಕೆ ಗಟ್ಟಿಯಾದ ಹಿಡಿಗಂಬಿ ಇರಬೇಕು, ಮತ್ತು ಕುರ್ಚಿಯನ್ನು ತಂದು ನಿಲ್ಲಿಸಲು, ಒಬ್ಬರು ಪಕ್ಕದಲ್ಲಿ ನಿಲ್ಲಲು ಜಾಗ ಬೇಕು. ಬಹಳ ಹೋಟೆಲುಗಳಲ್ಲಿ ಕಮೋಡನ್ನು ಒಂದು ಗೋಡೆಗೆ ಒತ್ತಿ ಕೂಡಿಸಿ ಆ ಗೋಡೆಗೆ ಮಾತ್ರ ಕಂಬಿ ಹಾಕಿರುತ್ತಾರೆ. ಆ ಗೋಡೆ ನಿಮ್ಮ ಅಮ್ಮನ ಎಡಕ್ಕೆ ಬಂದರೆ, ಕಾಗದದ ಮೇಲೆ ಅದು ಎಲ್ಲ ನಿಯಮಗಳಿಗೂ ಒಪ್ಪುವ ಕೋಣೆಯಾಗಿದ್ದರೂ, ಅವರ ಪಾಲಿಗೆ ಕಂಬಿ ಇಲ್ಲದಂತೆಯೇ. ದೊಡ್ಡ ಹೋಟೆಲುಗಳಲ್ಲಿ ಇಂಥ ಕೋಣೆಗಳು ಎರಡು ಮೂರು ಇರುತ್ತವೆ, ಒಂದಕ್ಕೊಂದು ತಿರುವುಮುರುವಾಗಿರುವುದೂ ಉಂಟು. ಹಾಗಾಗಿ "ಕಮೋಡಿನ ಮೇಲೆ ಕುಳಿತವರ ಬಲಕ್ಕೆ ಕಂಬಿ ಇರುವ ಕೋಣೆ ಯಾವುದು, ಅದರ ಸಂಖ್ಯೆ ಏನು" ಎಂದು ನೇರವಾಗಿ ಕೇಳಿ.

ಎರಡನೆಯದು ಸ್ನಾನ. ನಿಮಗೆ ಬೇಕಾದದ್ದು ಅಂಚಿಲ್ಲದ, ನೆಲದ ಮಟ್ಟದಲ್ಲೇ ಇರುವ ಷವರ್ ಮತ್ತು ಬೆನ್ನಿಗೆ ಆಸರೆ ಇರುವ ಗಟ್ಟಿ ಕುರ್ಚಿ. ಸ್ನಾನದ ತೊಟ್ಟಿಗೆ ಒಂದು ಕಂಬಿ ಜೋಡಿಸಿ ಅದನ್ನೇ ಸೌಲಭ್ಯದ ಕೋಣೆ ಎಂದು ಕರೆಯುವ ಹೋಟೆಲುಗಳು ಯೂರೋಪಿನಲ್ಲಿ ಈಗಲೂ ಇವೆ. ನಾನು ತಂಗಿದ್ದ ಒಂದು ಕಡೆ ಷವರಿನ ಕುರ್ಚಿ ಕೇಳಿದಾಗ ಈಜುಕೊಳದ ಬದಿಯ ಪ್ಲಾಸ್ಟಿಕ್ ಕುರ್ಚಿಯನ್ನು ತಂದುಕೊಟ್ಟರು. ಒದ್ದೆ ಹಾಸುಗಲ್ಲಿನ ಮೇಲೆ ಅದರ ಕಾಲುಗಳು ಅಗಲಿಕೊಳ್ಳುತ್ತಿದ್ದವು. ಅಂಥದ್ದರ ಮೇಲೆ ಅಮ್ಮನನ್ನು ಎಂದಿಗೂ ಕೂರಿಸಬೇಡಿ.

ಅಳತೆಗಳನ್ನು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಿ. ಕೋಣೆಯ ಬಾಗಿಲು ಮತ್ತು ಸ್ನಾನದ ಕೋಣೆಯ ಬಾಗಿಲು ತೆರೆದಾಗ ಸಿಗುವ ದಾರಿ 80 ಸೆಂಟಿಮೀಟರ್ ಇರಬೇಕು. ಚೌಕಟ್ಟಿನ ಅಳತೆ ಕೊಟ್ಟರೆ ಒಪ್ಪಬೇಡಿ, ಬಾಗಿಲ ದಪ್ಪವೇ ನಾಲ್ಕು ಸೆಂಟಿಮೀಟರ್ ತಿಂದುಬಿಡುತ್ತದೆ. ಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಖಾಲಿ ನೆಲ ಬೇಕು. ಹಾಸಿಗೆಯ ಎತ್ತರ ಕುರ್ಚಿಯ ಆಸನದಷ್ಟೇ, ಅಂದರೆ 45ರಿಂದ 50 ಸೆಂಟಿಮೀಟರ್ ಇರಬೇಕು. ಈಗಿನ ಹೋಟೆಲುಗಳಲ್ಲಿ ದಪ್ಪ ಹಾಸಿಗೆಯ ಮೇಲೆ ಇನ್ನೊಂದು ಪದರ ಹಾಕಿ 65 ಸೆಂಟಿಮೀಟರಿಗೆ ಏರಿಸಿರುತ್ತಾರೆ. ನಮ್ಮ ಊರಿನ ಎತ್ತರದ ಹೆಂಗಸರಿಗೂ ಅದು ಕಷ್ಟ. ಮೇಲಿನ ಪದರವನ್ನು ತೆಗೆಸಿಕೊಡುತ್ತೀರಾ ಎಂದು ಕೇಳಿದರೆ ಸಾಮಾನ್ಯವಾಗಿ ತೆಗೆಸಿಕೊಡುತ್ತಾರೆ.

ಕಟ್ಟಡಶಿಲ್ಪಿ:
ಗಾಲಿಪಯಣ ಅವರ ಬಲ ಎಡದ ಮಾತು ನಮ್ಮ ವೃತ್ತಿಯಲ್ಲೂ ಅನೇಕರಿಗೆ ತಿಳಿಯದು. ಅದರ ಜೊತೆಗೆ ಬೆಟ್ಟದ ಹೋಟೆಲುಗಳಿಗೇ ವಿಶೇಷವಾದ ಇನ್ನೊಂದು ಸಂಗತಿಯನ್ನು ಹೇಳಬೇಕು.

ಇಳಿಜಾರಿನಲ್ಲಿ ಕಟ್ಟಿದ ಕಟ್ಟಡಕ್ಕೆ ನೆಲಮಹಡಿ ಎಂಬುದು ಒಂದೇ ಇರುವುದಿಲ್ಲ. ಫುಂಶಾಲ್‌ನಲ್ಲಿ ರಸ್ತೆಯಿಂದ ಒಳಗೆ ಹೋದರೆ ಸ್ವಾಗತ ಕೌಂಟರ್ ಇರುವುದು ಐದನೆಯ ಅಥವಾ ಆರನೆಯ ಮಹಡಿಯಲ್ಲಿರಬಹುದು. ಊಟದ ಮನೆ ಅದರ ಕೆಳಗೆ, ಈಜುಕೊಳ ಇನ್ನೂ ಕೆಳಗೆ, ಬಂಡೆಯ ಬುಡದಲ್ಲಿ ಸಮುದ್ರಕ್ಕೆ ಇಳಿಯುವ ಕಟ್ಟೆ. ಒಂದು ಲಿಫ್ಟ್ ಕೋಣೆಗಳಿಗೆ ಹೋಗುತ್ತದೆ, ಈಜುಕೊಳಕ್ಕೆ ಬೇರೊಂದು ಲಿಫ್ಟ್, ಎರಡರ ನಡುವೆ ಮೂರೇ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲುಗಳ ಬಗ್ಗೆ ಕೇಳಿದರೆ ಕೌಂಟರಿನವರು ಪ್ರಾಮಾಣಿಕವಾಗಿಯೇ "ಎಲ್ಲ ಕಡೆ ಲಿಫ್ಟ್ ಇದೆ" ಎನ್ನುತ್ತಾರೆ, ಏಕೆಂದರೆ ನಡೆಯುವವರ ಗಮನಕ್ಕೆ ಅವು ಬರುವುದೇ ಇಲ್ಲ. ಆದ್ದರಿಂದ ಲಿಫ್ಟ್ ಇದೆಯೇ ಎಂದು ಕೇಳುವ ಬದಲು, "ಕೋಣೆಯಿಂದ ಊಟದ ಮನೆಗೆ, ಕೋಣೆಯಿಂದ ತಾರಸಿಗೆ, ಕೋಣೆಯಿಂದ ರಸ್ತೆಗೆ ಹೋಗುವ ದಾರಿಯನ್ನು ಯಾರಾದರೂ ನಡೆದು, ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳುಹಿಸಬಹುದೇ" ಎಂದು ಕೇಳಿ. ಎರಡು ನಿಮಿಷದ ಕೆಲಸ. ಮನಸ್ಸಿದ್ದವರು ಮಾಡಿಕೊಡುತ್ತಾರೆ, ಅದನ್ನೂ ಮಾಡದ ಹೋಟೆಲಿನಲ್ಲಿ ಲಿಫ್ಟ್ ಕೆಟ್ಟ ದಿನ ನಿಮ್ಮ ಸಹಾಯಕ್ಕೆ ಯಾರು ಬರುತ್ತಾರೆ ಎಂಬುದನ್ನು ಯೋಚಿಸಿ.

ಸಾಧ್ಯವಾದರೆ ರಸ್ತೆಗೆ ತೆರೆದುಕೊಳ್ಳುವ ಮಹಡಿಯಲ್ಲೇ ಕೋಣೆ ಕೇಳಿ. ಬೆಂಕಿಯ ಎಚ್ಚರಿಕೆ ಮೊಳಗಿದರೆ ಲಿಫ್ಟ್ ಬಳಸುವಂತಿಲ್ಲ. ಸಮುದ್ರದ ನೋಟಕ್ಕಿಂತ ಅದು ಮುಖ್ಯವೆಂದು ನಾನು ನಂಬುತ್ತೇನೆ.

ಹಾಸನದ ಮಗಳು:
ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಳಿಜಾರಿನ ಲೆಕ್ಕ ಹಾಕಿದ ಮೇಲೆ ನಮ್ಮ ಪಟ್ಟಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು, ಎಲ್ಲವೂ ಲೀಡೊ ಭಾಗದವು. ಅಮ್ಮನಿಗೆ ಬಲಗಡೆ ಕಂಬಿ ಬೇಕೆಂಬುದು ನಮ್ಮ ಮನೆಯ ಬಚ್ಚಲಿನಲ್ಲಿ ಗೊತ್ತೇ ಇತ್ತು, ಹೋಟೆಲಿಗೆ ಅದನ್ನು ಕೇಳಬಹುದೆಂದು ಹೊಳೆದಿರಲಿಲ್ಲ. ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ಬೆಟ್ಟದ ಮೇಲೆ ಹೋಗಲು ಆಗುತ್ತದೆಯೇ? ಮಲೆನಾಡಿನ ಮಡಿಲಲ್ಲಿ, ಸಕಲೇಶಪುರದ ಕಡೆ ಹುಟ್ಟಿದವರು. ಕೆಳಗೆ ಕುಳಿತು ಬೆಟ್ಟ ನೋಡಿ ಬಂದರೆ ಅವರಿಗೆ ತೃಪ್ತಿಯಾಗದು. ವಿಮಾನದ ವಿಷಯವನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಕರಾವಳಿಗ:
ಮಲೆನಾಡಿನವರೆಂದರೆ ನನ್ನ ಪೋರ್ತೊ ಸಾಂತೊ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅದು ಒಣ ದ್ವೀಪ. ಬೆಟ್ಟಕ್ಕೆ ಖಂಡಿತ ಹೋಗಿ. ಪಿಕೊ ದೊ ಅರಿಯೇರೊ 1,818 ಮೀಟರ್ ಎತ್ತರದ ಶಿಖರ, ದ್ವೀಪದಲ್ಲಿ ಮೂರನೆಯದು. ತುದಿಯ ಹತ್ತಿರದವರೆಗೂ ಕಾರು ಹೋಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಮೋಡಗಳು ಕೆಳಗೆ ಹಾಸಿರುವುದನ್ನು ವಾಹನ ನಿಲ್ಲಿಸುವ ಜಾಗದ ಬಳಿಯಿಂದಲೇ ನೋಡಬಹುದು. ಮೇಲೆ ಗಾಳಿ ಮತ್ತು ಚಳಿ ಜೋರು, ಅಮ್ಮನಿಗೆ ಶಾಲು ಸ್ವೆಟರ್ ಎರಡೂ ಇರಲಿ. ಕಾಬೊ ಜಿರಾಂವ್ ಎಂಬ ಕಡಲ ಬಂಡೆಯ ಅಂಚಿನಲ್ಲಿ 580 ಮೀಟರ್ ಎತ್ತರದಲ್ಲಿ ಗಾಜಿನ ನೆಲದ ಕಟ್ಟೆಯನ್ನು 2012ರಲ್ಲಿ ತೆರೆದರು; ಗಾಲಿಕುರ್ಚಿಯವರು ಅದರ ಮೇಲೆ ಹೋಗುವುದನ್ನು ನಾನೇ ಕಂಡಿದ್ದೇನೆ.

ಫುಂಶಾಲ್‌ನ ಹಳೆಯ ಪೇಟೆಯಿಂದ ಮೊಂತ್ ಎಂಬ ಮೇಲಿನ ಊರಿಗೆ 2000ರಿಂದ ಕೇಬಲ್ ಕಾರ್ ಓಡುತ್ತಿದೆ, ಸುಮಾರು ಕಾಲು ಗಂಟೆಯ ಪ್ರಯಾಣ. ಕುರ್ಚಿಯ ಅಗಲವನ್ನು ಮೊದಲೇ ತಿಳಿಸಿ ಹೋಗಿ. ಮೊಂತ್‌ನ ಇಗರ್ಜಿಗೆ ಉದ್ದನೆಯ ಕಲ್ಲಿನ ಮೆಟ್ಟಿಲಿದೆ, ಸುತ್ತಲ ದಾರಿಗಳು ಬಹಳ ಕಡಿದು. ಹೋಗುವಾಗ ಬರುವಾಗ ಎರಡೂ ಸಲ ಕೇಬಲ್ ಕಾರನ್ನೇ ಬಳಸಿ. ಮೇಲಿನ ನಿಲ್ದಾಣದ ಬಳಿಯೇ ಕುಳಿತು ಇಡೀ ಕೊಲ್ಲಿಯನ್ನು ನೋಡಿ ಬಂದರೂ ಸಾಕು. ಹಳೆಯ ಪೇಟೆಯ ರುವಾ ದೆ ಸಾಂತಾ ಮರಿಯಾ ಬೀದಿಗೆ ಉರುಟು ಕಲ್ಲು ಹಾಸಿದ್ದಾರೆ, ಅಲ್ಲಿ ಕುರ್ಚಿಯ ಮುಂಚಕ್ರಗಳನ್ನು ಎತ್ತಿ ಹಿಂಚಕ್ರಗಳ ಮೇಲೆ ನಡೆಸಬೇಕಾಗುತ್ತದೆ.

ಗಾಲಿಪಯಣ:
ವಿಮಾನದ ವಿಷಯ ನಾನು ಹೇಳುತ್ತೇನೆ. ಯೂರೋಪಿನ ಒಕ್ಕೂಟದ 2006ರ 1107ನೇ ನಿಯಮದ ಪ್ರಕಾರ ಹೊರಡುವುದಕ್ಕೆ 48 ಗಂಟೆ ಮೊದಲು ತಿಳಿಸಿದರೆ ನಿಲ್ದಾಣದ ಬಾಗಿಲಿನಿಂದ ವಿಮಾನದ ಆಸನದವರೆಗೆ ಸಹಾಯ ಉಚಿತ. ಗಾಲಿಕುರ್ಚಿ ಸೇರಿ ಓಡಾಟಕ್ಕೆ ನೆರವಾಗುವ ಎರಡು ಸಾಧನಗಳನ್ನು ವಿಮಾನ ಸಂಸ್ಥೆಯವರು ಶುಲ್ಕವಿಲ್ಲದೆ ಒಯ್ಯಬೇಕು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಅಲ್ಲಿ ಈ ನಿಯಮ ಉಳಿದಿದೆ. ಷವರಿನ ಮಡಚುವ ಕುರ್ಚಿಯನ್ನು ಈ ಎರಡನೆಯ ಸಾಧನವಾಗಿ ಒಪ್ಪುತ್ತಾರೆಯೇ ಎಂದು ವಿಮಾನ ಸಂಸ್ಥೆಯವರನ್ನು ಕೇಳಿ; ಒಪ್ಪಿದರೆ ಹೋಟೆಲಿನವರ ಕುರ್ಚಿಯನ್ನು ನಂಬಿ ಕೂರುವ ಅಗತ್ಯವೇ ಬೀಳುವುದಿಲ್ಲ.

ಕುರ್ಚಿಯನ್ನು ಸಾಮಾನಿನ ಜೊತೆ ಹಾಕುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ; ಕಾಲಿಡುವ ಪಟ್ಟಿಗಳನ್ನೂ ದಿಂಬನ್ನೂ ಬಿಚ್ಚಿ ಕೈಯಲ್ಲಿ ಒಯ್ಯಿರಿ. ವಿಮಾನ ಪ್ರಯಾಣದ ಹಾನಿಗಳ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದವಾದ ಮಾಂಟ್ರಿಯಲ್ ಒಪ್ಪಂದದಲ್ಲಿ ಹಾನಿಗೆ ಕೊಡುವ ಪರಿಹಾರಕ್ಕೆ ಮಿತಿ ಇರುವುದರಿಂದ ದುಬಾರಿ ಕುರ್ಚಿಯಾದರೆ ಅದರ ಬೆಲೆಯನ್ನು ಮೊದಲೇ ಘೋಷಿಸಬಹುದು, ಇಲ್ಲವೇ ವಿಮೆ ಮಾಡಿಸಬಹುದು.

ಮಡೈರಾ ನಿಲ್ದಾಣದ ಓಡುದಾರಿಯ ಒಂದು ಭಾಗ ಸಮುದ್ರದ ಅಂಚಿನಲ್ಲಿ ಕಂಬಗಳ ಮೇಲೆ ನಿಂತಿದೆ, ಹಿಂದೆಯೇ ಬೆಟ್ಟ. ಅಡ್ಡಗಾಳಿ ಹೆಚ್ಚಾದರೆ ವಿಮಾನಗಳು ಇಳಿಯದೆ ಪೋರ್ತೊ ಸಾಂತೊಗೋ ಕೆನರಿ ದ್ವೀಪಗಳಿಗೋ ಹೋಗುವುದುಂಟು. ಅಮ್ಮನ ಎರಡು ಮೂರು ದಿನದ ಔಷಧ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಅಪ್ಪ ಅಮ್ಮನಿಗೆ ಬ್ರಿಟನ್ ವೀಸಾ ಸಾಲದು, ಪೋರ್ಚುಗಲ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇರೆ ಬೇಕು. ಭಾರತದಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಲಿ.

ಹಾಸನದ ಮಗಳು:
ನಿನ್ನೆ ಉಳಿದ ಹೋಟೆಲುಗಳಿಗೆಲ್ಲ ಒಂದೇ ಪತ್ರ ಬರೆದೆ. ಕಮೋಡಿನ ಬಲಗಡೆಯ ಕಂಬಿ, ಅಂಚಿಲ್ಲದ ಷವರ್, ಬಾಗಿಲುಗಳ ಅಗಲ, ಹಾಸಿಗೆಯ ಎತ್ತರ, ಕೋಣೆ ಇರುವ ಮಹಡಿ, ನಡಿಗೆಪಥಕ್ಕೆ ಹೋಗುವ ದಾರಿಯ ವಿಡಿಯೊ ಎಲ್ಲವನ್ನೂ ಕೇಳಿದ್ದೇನೆ. ಒಂದು ಹೋಟೆಲಿನವರು ಇಂದೇ ಉತ್ತರಿಸಿ, ಅಳತೆಪಟ್ಟಿಯನ್ನು ಬಾಗಿಲಿಗೆ ಹಿಡಿದು ತೆಗೆದ ಫೋಟೊ ಕಳುಹಿಸಿದ್ದಾರೆ: ದಾರಿ 83 ಸೆಂಟಿಮೀಟರ್ ಇದೆ. ಕಂಬಿ ಬಲಕ್ಕಿದೆ, ಹಾಸಿಗೆಯ ಮೇಲಿನ ಪದರ ತೆಗೆಸಿಕೊಡುತ್ತಾರಂತೆ. ಆದರೆ ಕೋಣೆ ಇರುವುದು ರಸ್ತೆಗಿಂತ ಎರಡು ಮಹಡಿ ಕೆಳಗೆ. ಅವರಲ್ಲಿ ಎರಡು ಲಿಫ್ಟ್‌ಗಳಿವೆ. ಕಟ್ಟಡಶಿಲ್ಪಿ ಅವರೇ, ಇದನ್ನು ಒಪ್ಪಬಹುದೇ?

ಕಟ್ಟಡಶಿಲ್ಪಿ:
ಆ ಕೆಳಗಿನ ಮಹಡಿಯಿಂದ ನಡಿಗೆಪಥದ ಕಡೆಗೆ ಮೆಟ್ಟಿಲಿಲ್ಲದ ಇನ್ನೊಂದು ಬಾಗಿಲು ಇದೆಯೇ ಎಂದು ಕೇಳಿ. ಬೆಟ್ಟದ ಕಟ್ಟಡಗಳಲ್ಲಿ ಕೆಳಗಿನ ಬದಿಗೂ ಬಾಗಿಲಿರುವ ಸಂಭವ ಹೆಚ್ಚು. ಇದ್ದರೆ, ಮತ್ತು ಆ ಬಾಗಿಲಿಗೆ ರಾತ್ರಿ ಬೀಗ ಹಾಕುವುದಿಲ್ಲವೆಂದರೆ, ನಿಶ್ಚಿಂತೆಯಿಂದ ಕಾಯ್ದಿರಿಸಿ. ಕೋಣೆಯ ಸಂಖ್ಯೆಯನ್ನು ಮಾತ್ರ ದೃಢೀಕರಣ ಪತ್ರದಲ್ಲೇ ಬರೆಸಿಕೊಳ್ಳಿ.